ಉಪ್ಪಿನ ಹಡಗು

ಅಕ್ಟೋಬರ್ 19, ಭಾನುವಾರ

ಈ ಡೈರಿ ಫರ್ವಾನಿಯಾದ ಸೂಪರ್ ಮಾರ್ಕೆಟ್ಟಿನವರು ಜನವರಿಯಲ್ಲಿ ಪುಕ್ಕಟೆ ಕೊಟ್ಟದ್ದು. ಇಷ್ಟು ದಿನ ಫ್ರಿಜ್ಜಿನ ಮೇಲೆ ಬಿದ್ದಿತ್ತು. ಇವತ್ತು ಧೂಳು ಒರೆಸಿ ತೆಗೆದಿದ್ದೇನೆ. ಹೋಟೆಲಿನಲ್ಲಿ ಏನೋ ನಡೆಯುತ್ತಿದೆ, ಅದಕ್ಕೊಂದು ದಾಖಲೆ ಇರಲಿ.

ನಾನು ಸಂಶಯದ ಮನುಷ್ಯನಲ್ಲ. ಗಲ್ಫಿಗೆ ಬಂದು ಶರ್ಕ್‌ನ ಈ ಒಂದೇ ಹೋಟೆಲಿನಲ್ಲಿ ಇಪ್ಪತ್ತಾರು ವರ್ಷ ದುಡಿದಿದ್ದೇನೆ. ವೇಟರ್ ಆಗಿ ಸೇರಿ ಬ್ಯಾಂಕ್ವೆಟ್ ಕ್ಯಾಪ್ಟನ್ ಆದೆ. ಸೇಸಪ್ಪ ಯಾರ ತಂಟೆಗೂ ಹೋದವನಲ್ಲ ಎಂದು ಯಾರನ್ನು ಕೇಳಿದರೂ ಹೇಳುತ್ತಾರೆ. ಆದರೆ ಕಂಡದ್ದನ್ನು ಕಂಡಿಲ್ಲ ಎನ್ನಲು ನನಗೆ ಬರುವುದಿಲ್ಲ. ಈ ಪುಸ್ತಕಕ್ಕೆ ಒಂದೇ ನಿಯಮ: ಇದರಲ್ಲಿ ‘ಅಂತೆ’ ಎಂಬ ಮಾತು ಬರಕೂಡದು. ಅವನು ಹಾಗಂತೆ, ಇವಳು ಹೀಗಂತೆ ಎಂದುಕೊಂಡೇ ನಮ್ಮ ಹೋಟೆಲಿನ ಅರ್ಧ ಜನ ಕೆಟ್ಟುಹೋದರು. ನಾನೇ ನೋಡಿದ್ದು, ನಾನೇ ಕೇಳಿದ್ದು, ನನ್ನ ನಾಲಿಗೆಗೇ ತಗಲಿದ್ದು, ಅಷ್ಟನ್ನೇ ಬರೆಯುವುದು.

ಬೆಳಿಗ್ಗೆ ಹತ್ತಕ್ಕೆ ನಮ್ಮ ಮ್ಯಾನೇಜರ್ ಹನಾನ್ ಮೇಡಂ ಎಲ್ಲರನ್ನೂ ಸೇರಿಸಿದರು. ಇಲ್ಲಿಯ ಒಂದು ದೊಡ್ಡ ವ್ಯಾಪಾರಿ ಮನೆತನದ ಹಿರಿಯರಿಗೆ ಎಂಬತ್ತು ತುಂಬುತ್ತದೆ. ಅವರ ಮೊಮ್ಮಗಳು ಇಂಗ್ಲೆಂಡಿನಲ್ಲಿ ಇತಿಹಾಸ ಓದಿ ಬಂದವಳು. ಅಜ್ಜನ ಹುಟ್ಟುಹಬ್ಬಕ್ಕೆ ಆರುನೂರು ವರ್ಷ ಹಿಂದಿನ ಯುರೋಪಿನ ದೊರೆಮನೆಯ ಔತಣವೇ ಆಗಬೇಕು ಎಂದು ಅವಳ ಹಟ. ನವೆಂಬರ್ 22, ಶನಿವಾರ ಮಧ್ಯಾಹ್ನ, ಇನ್ನೂರು ಜನ. ಮೇಡಂ ಪಾತ್ರ ಹಂಚಿದರು. ನನ್ನ ಜೊತೆಯ ಕ್ಯಾಪ್ಟನ್ ಅಕ್ಷಯ್ ದೊರೆಯ ಮುಂದೆ ಮಾಂಸ ಕೊಯ್ಯುವವನು. ವೇಟರ್ ಮೋನು ಗೆಜ್ಜೆಯ ಟೊಪ್ಪಿ ಹಾಕಿ ಕುಣಿಯುವ ವಿದೂಷಕ. ನಾನು ಟೇಸ್ಟರ್. ಅಂದರೆ ದೊರೆ ಬಾಯಿಗಿಡುವ ಮೊದಲು ಪ್ರತಿಯೊಂದನ್ನೂ ತಿಂದು ವಿಷ ಇಲ್ಲ ಎಂದು ತೋರಿಸುವವನು. ವಿಷ ಇದ್ದರೆ ಮೊದಲು ಸಾಯುವವನು.

ಈ ಪಾತ್ರ ನನಗೆ ಕೊಡಿ ಎಂದವನು ಯಾರು? ಅಕ್ಷಯ್! “ಮೇಡಂ, ಅದಕ್ಕೆ ಸೇಸಪ್ಪಣ್ಣನೇ ಸರಿ. ಅವರ ನಾಲಿಗೆ ಈ ಹೋಟೆಲಲ್ಲಿ ಬೇರೆ ಯಾರಿಗೂ ಇಲ್ಲ” ಎಂದ. ಬೆಣ್ಣೆ ಹಚ್ಚುವುದಕ್ಕೂ ಒಂದು ಮಿತಿ ಬೇಡವೇ! ಅವನನ್ನು ಬೆಳ್ಮಣ್ಣಿನಿಂದ ಇಲ್ಲಿಗೆ ಕರೆಸಿಕೊಂಡವನು ನಾನು. ಬಂದಾಗ ಎಡಗೈಯಲ್ಲಿ ಮೂರು ತಟ್ಟೆ ಹಿಡಿಯಲು ಗೊತ್ತಿರಲಿಲ್ಲ.

ಎಲ್ಲ ಮುಗಿದ ಮೇಲೆ ಮೇಡಂ ಇನ್ನೊಂದು ಮಾತು ಹೇಳಿದರು. ಹೊಸ ವರ್ಷದಿಂದ ಬ್ಯಾಂಕ್ವೆಟ್‌ಗೆ ಒಬ್ಬನೇ ಕ್ಯಾಪ್ಟನ್. ಯಾರು ಎಂಬುದನ್ನು ಈ ಔತಣ ಆದ ಮೇಲೆ ತೀರ್ಮಾನಿಸುತ್ತಾರೆ. ಇಲ್ಲಿ ಇರಲು ಬೇಕಾದ ಪರವಾನಗಿ, ನನ್ನ ಇಕಾಮಾ, ಜನವರಿ ಹತ್ತಕ್ಕೆ ಮುಗಿಯುತ್ತದೆ. ಮಗಳು ನವ್ಯಶ್ರೀಗೆ ಹನ್ನೆರಡನೆಯ ತರಗತಿಯ ಪರೀಕ್ಷೆ ಫೆಬ್ರವರಿ, ಮಾರ್ಚ್‌ನಲ್ಲಿ. ನನ್ನನ್ನು ತೆಗೆದರೆ ಪರೀಕ್ಷೆಗೆ ಮೊದಲೇ ಮೂವರೂ ಗಂಟುಮೂಟೆ ಕಟ್ಟಬೇಕು. ಇದು ಅಕ್ಷಯ್‌ಗೆ ಚೆನ್ನಾಗಿ ಗೊತ್ತು. ಹೋದ ತಿಂಗಳು ಜ್ವರದಲ್ಲಿ ಹತ್ತು ದಿನ ಮಲಗಿದ್ದೆನಲ್ಲ, ಆಗ ಮೇಡಂ ಕಿವಿಯಲ್ಲಿ ಏನೇನು ಊದಿದ್ದಾನೋ.

ಅಕ್ಟೋಬರ್ 21, ಮಂಗಳವಾರ

ದೀಪಾವಳಿ. ಪುಣ್ಯಕ್ಕೆ ನನ್ನ ವಾರದ ರಜೆ ಇವತ್ತೇ ಬಿತ್ತು. ಊರಿನಿಂದ ಬಂದವರು ಅರಶಿನ ಎಲೆ ತಂದುಕೊಟ್ಟಿದ್ದರೆಂದು ಹೆಂಡತಿ ವಾರಿಜಾ ಎಲೆಯಲ್ಲಿ ಬೇಯಿಸುವ ಗಟ್ಟಿ ಎಂಬ ಕಡುಬು ಮಾಡಿದ್ದಳು. ಎಲೆ ಬಿಡಿಸಿದರೆ ಪರಿಮಳವೇ ಇಲ್ಲ. ಹಳತು ಎಲೆ, ಯಾರೋ ಇವಳ ಕಿವಿಗೆ ಹೂ ಇಟ್ಟಿದ್ದಾರೆ. ಇವಳೋ ತಟ್ಟೆಗೆ ಮೂಗು ತಾಗಿಸಿ “ಆಹಾ, ಊರಲ್ಲೇ ಕೂತ ಹಾಗೆ ಆಯ್ತು ಮಾರ್ರೆ” ಎಂದಳು.

ಕೋಳಿ ಸಾರಿಗೂ ಉಪ್ಪಿಲ್ಲ. “ಉಪ್ಪು ಹಾಕ್ಲಿಕ್ಕೆ ಮರ್ತಿದ್ದೀಯಾ?” ಎಂದೆ.

“ಹಾಕಿದ್ದೇನಲ್ಲ. ಸರೀ ಉಂಟು.”

“ಎಲ್ಲಿ ಉಂಟು? ಇಲ್ಲಿ ಕೊಡು.” ಕೈ ಒಡ್ಡಿದೆ. ಅವಳು ಉಪ್ಪಿನ ಕರಡಿಗೆಯನ್ನು ನನ್ನ ಕೈಗೆ ಕೊಡದೆ ಮೇಜಿನ ಮೇಲೆ ಇಟ್ಟಳು. ಅದು ಸರಿಯೇ. ಉಪ್ಪನ್ನು ಕೈಯಿಂದ ಕೈಗೆ ಕೊಡಬಾರದು, ಕೊಟ್ಟರೆ ಜಗಳವಾಗುತ್ತದೆ. ನನ್ನ ಅಮ್ಮನೂ ಕೊಟ್ಟವಳಲ್ಲ. ನಾನು ಎರಡು ಚಮಚ ಸುರಿದುಕೊಂಡೆ. ವಾರಿಜಾ ನನ್ನನ್ನೇ ನೋಡುತ್ತಿದ್ದಳು. ಡಾಕ್ಟರು ಬಿ.ಪಿ. ಬಗ್ಗೆ ಇವಳಿಗೆ ಗುಟ್ಟಾಗಿ ಹೇಳಿರಬೇಕು, ನನಗೆ ಹೇಳದೆ ಉಪ್ಪು ಕಡಿಮೆ ಮಾಡುತ್ತಿದ್ದಾಳೆ.

ಊಟದ ಮೇಲೆ ನವ್ಯ ಲ್ಯಾಪ್‌ಟಾಪ್ ತೆರೆದು ಆ ಕಾಲದ ಔತಣಗಳ ಬಗ್ಗೆ ಓದಿ ಹೇಳಿದಳು. ಅವಳಿಗೆ ಇದೊಂದು ಮೋಜು. “ಅಪ್ಪ, ದಿಸ್ ಈಸ್ ಸೋ ಕೂಲ್!” ಎನ್ನುತ್ತಾಳೆ. ಅವರ ದೊಡ್ಡ ಊಟ ನಡುಮಧ್ಯಾಹ್ನದ ಹೊತ್ತಿಗೆ. ತಟ್ಟೆಯ ಬದಲು ಹಳೆಯ ಗಟ್ಟಿ ರೊಟ್ಟಿಯ ದಪ್ಪ ಹೋಳು. ಸಾರು ಹೀರಿದ ಆ ಹೋಳನ್ನು ಊಟವಾದ ಮೇಲೆ ಬಾಗಿಲಲ್ಲಿ ನಿಂತ ಬಡವರಿಗೆ ಕೊಡುತ್ತಿದ್ದರು. ಮುಳ್ಳುಚಮಚ ಇಲ್ಲ, ನಮ್ಮ ಹಾಗೆ ಬೆರಳು. ಮೇಲೆ ಅಟ್ಟಣಿಗೆಯಲ್ಲಿ ಹಾಡುವವರು, ಕೆಳಗೆ ವಿದೂಷಕ. ಒಂದು ಸುತ್ತಿನ ಊಟಕ್ಕೂ ಇನ್ನೊಂದು ಸುತ್ತಿಗೂ ನಡುವೆ ಸಕ್ಕರೆಯಲ್ಲಿ ಮಾಡಿದ ಕೋಟೆಯನ್ನು ಹೊತ್ತು ತಂದು ತೋರಿಸುತ್ತಿದ್ದರು. ಅಲ್ಲಿ ಮುಖ್ಯವಾದದ್ದು ಉಪ್ಪು. ಬೆಳ್ಳಿಯ ಹಡಗಿನ ಆಕಾರದ ಪಾತ್ರೆಯಲ್ಲಿ ಉಪ್ಪು ತಂದು ದೊರೆಯ ಮುಂದಿಡಬೇಕು. ಉಪ್ಪಿಗಿಂತ ಮೇಲೆ ಕೂತವನು ದೊಡ್ಡವನು, ಕೆಳಗೆ ಕೂತವನು ಸಣ್ಣವನು.

“ಸೋ ಅಪ್ಪ, ಯೂ ವಿಲ್ ಬಿ ಅಬವ್ ದ ಸಾಲ್ಟ್!” ಎಂದಳು ನವ್ಯ. ಇಷ್ಟು ಒಳ್ಳೆಯ ಜಾಗವನ್ನು ಅಕ್ಷಯ್ ಸುಮ್ಮನೆ ನನಗೆ ಬಿಟ್ಟುಕೊಡುತ್ತಾನೆಯೇ? ಇದರಲ್ಲಿ ಏನೋ ಇದೆ.

ಅಕ್ಟೋಬರ್ 28, ಮಂಗಳವಾರ

ಇವತ್ತು ಅಡುಗೆಮನೆಯಲ್ಲಿ ಮೊದಲ ರುಚಿ ಪರೀಕ್ಷೆ. ಶೆಫ್ ಸಿಲ್ವೆಸ್ಟರ್ ನಮ್ಮ ಮಂಗಳೂರಿನ ಕಡೆಯವನೇ, ಎರಡು ವರ್ಷ ಹಿಂದೆ ಬಂದವನು. ತನ್ನವರ ಹತ್ತಿರ ಕೊಂಕಣಿಯಲ್ಲಿ ಮಾತಾಡುತ್ತಾನೆ. ನಮಗೆ ಅರ್ಥವಾಗಬಾರದೆಂದೇ ಇರಬೇಕು. ಹಂದಿ ಇಲ್ಲ, ವೈನ್ ಇಲ್ಲ, ಅದರಲ್ಲೇ ದೊರೆಯ ಊಟ ಆಗಬೇಕು. ಲೋಟಗಳಿಗೆ ದಾಳಿಂಬೆ ರಸ. ನವಿಲಿನ ಬದಲು ಗರಿ ಸಿಕ್ಕಿಸಿದ ಟರ್ಕಿ ಕೋಳಿ. ಕುರಿಮಾಂಸದ ಸಾರಿಗೆ ದಾಲ್ಚಿನ್ನಿ, ಶುಂಠಿ, ಕೇಸರಿ. ಬಾದಾಮಿ ಹಾಲಿನ ಪಾಯಸ.

ನನ್ನ ಬಟ್ಟಲಿನ ಸಾರು ಬಿಸಿನೀರು. ಉಪ್ಪಿಲ್ಲ, ಹುಳಿಯಿಲ್ಲ, ಖಾರವಿಲ್ಲ. ತಕ್ಷಣ ಹೊಳೆಯಿತು, ನನಗೇ ಬೇರೆ ಬಟ್ಟಲು ಕೊಟ್ಟಿದ್ದಾರೆ! ನಾನು ಚೆನ್ನಾಗಿದೆ ಎಂದರೆ ನಾಲಿಗೆ ಸತ್ತವನು ಎನ್ನಬಹುದು, ಚೆನ್ನಾಗಿಲ್ಲ ಎಂದರೆ ಸಿಲ್ವೆಸ್ಟರ್‌ನನ್ನು ನನ್ನ ಮೇಲೆ ಎತ್ತಿ ಕಟ್ಟಬಹುದು. ನಾನೇನು ಕಡಿಮೆಯೇ? ಅಕ್ಷಯ್ ಆಚೆ ತಿರುಗಿದಾಗ ಅವನ ಬಟ್ಟಲನ್ನು ಎಳೆದುಕೊಂಡು ನನ್ನದನ್ನು ಅಲ್ಲಿಟ್ಟೆ. ಅದೂ ಬಿಸಿನೀರು. ನಾನು ಬದಲಾಯಿಸುತ್ತೇನೆ ಎಂದು ಮೊದಲೇ ಅಂದಾಜು ಮಾಡಿ ಎರಡರಲ್ಲೂ ಹಾಗೆಯೇ ಇಟ್ಟಿದ್ದಾರೆ. ಎಂಥ ತಲೆ!

“ಉಪ್ಪು ಸಾಲದು” ಎಂದೆ.

ಸಿಲ್ವೆಸ್ಟರ್ ಸೌಟು ಕೆಳಗಿಟ್ಟ. “ಸಾಲದಾ? ಎಂತ ಮಾತಾಡ್ತೀ ಮಾರಾಯ? ಇನ್ನೊಂದು ಚಿಟಿಕೆ ಬಿದ್ರೆ ಕಹಿ ಆಗ್ತದೆ!”

ಅಕ್ಷಯ್ ಒಂದು ಗುಟುಕು ಕುಡಿದ. ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದ. ಆಮೇಲೆ “ಸೇಸಪ್ಪಣ್ಣ ಹೇಳಿದ್ದು ಸರಿ ಶೆಫ್. ಒಂದು ಚೂರು ಕಡಿಮೆ ಉಂಟು” ಎಂದ. ಮೇಡಂ ಬರೆದುಕೊಂಡರು. ಹೊರಗೆ ಬಂದ ಮೇಲೆ ಅವನು “ಅಣ್ಣ, ಜ್ವರ ಬಂದ ಮೇಲೆ ಊಟ ಸೇರ್ತದಾ ನಿಮಗೆ?” ಎಂದು ಕೇಳಿದ. ಯಾಕೆ ಕೇಳಿದ? ನನ್ನ ಊಟ ಕಟ್ಟಿಕೊಂಡು ಇವನಿಗೇನು?

ನವೆಂಬರ್ 1, ಶನಿವಾರ

ಬೆಳಿಗ್ಗೆ ಹಾಲು ಉಕ್ಕಿ ಪಾತ್ರೆ ತಳ ಹಿಡಿದು ಕಪ್ಪಾಗಿದೆ. ನಾನು ಪಕ್ಕದಲ್ಲೇ ಪೇಪರ್ ಓದುತ್ತಾ ಕೂತಿದ್ದೆ. ವಾರಿಜಾ ಬಚ್ಚಲಿನಿಂದ ಒದ್ದೆ ತಲೆಯಲ್ಲೇ ಓಡಿ ಬಂದು ಸ್ಟವ್ ಆರಿಸಿದಳು. “ಇಷ್ಟು ವಾಸನೆ ಬರ್ತಾ ಉಂಟು, ನಿಮಗೆ ಮೂಗಿಲ್ವಾ?” ಎಂದು ಕೂಗಿದಳು. ನನಗೇನೂ ಬಂದಿರಲಿಲ್ಲ. ಇವಳ ಮೂಗು ಅತಿ ಆಯಿತು.

ನವೆಂಬರ್ 5, ಬುಧವಾರ

ಬ್ಯಾಂಕ್ವೆಟ್ ಹಾಲಿನಲ್ಲಿ ಮೊದಲ ತಾಲೀಮು. ಉಪ್ಪಿನ ಹಡಗು ಬಂದಿದೆ. ಮೊಳದುದ್ದ, ಬೆಳ್ಳಿ ಬಣ್ಣ, ಹಾಯಿ, ಹಗ್ಗ ಎಲ್ಲ ಇದೆ. ನೋಡಲು ಬಲು ಚೆಂದ. ನಾನು ಅದನ್ನು ಹಿಡಿದು ಕಹಳೆಯ ಸದ್ದಿಗೆ ನಡೆದು ಬರಬೇಕು, ಅಕ್ಷಯ್ ಕೈಗೆ ಕೊಡಬೇಕು, ಅವನು ದೊರೆಯ ಮುಂದಿಡಬೇಕು, ನಾನು ರೊಟ್ಟಿ ಅದ್ದಿ ತಿಂದು ತಲೆಯಾಡಿಸಬೇಕು.

ಕೊಡಲು ಹೋದರೆ ಅಕ್ಷಯ್ ಕೈ ಹಿಂದಕ್ಕೆ ತೆಗೆದುಕೊಂಡ. ತುಳುವಿನಲ್ಲಿ ಮೆಲ್ಲಗೆ “ಅಣ್ಣ, ಮೇಜಿನ ಮೇಲೆ ಇಡಿ, ನಾನು ತೆಗೊಳ್ತೇನೆ. ಉಪ್ಪಲ್ವಾ?” ಎಂದ. ಮೂರು ಸಲ ಹೀಗೆಯೇ ಆಯಿತು. ಮೂರನೆಯ ಸಲಕ್ಕೆ ಹನಾನ್ ಮೇಡಂ “ಯಲ್ಲಾ! ನಿಮ್ಮಿಬ್ಬರಿಗೆ ಆದದ್ದೇನು?” ಎಂದು ಕೂಗಿದರು. ಆಯಿತು, ನನ್ನ ಹೆಸರಿಗೊಂದು ಕಪ್ಪು ಚುಕ್ಕೆ ಬಿತ್ತು. ಮನೆಯಲ್ಲಿ ಪಾಲಿಸುವುದು ಬೇರೆ, ಕೆಲಸದಲ್ಲಿ ಪಾಲಿಸುವುದು ಬೇರೆ. ಹಡಗು ತುಂಬ ಪ್ಲಾಸ್ಟಿಕ್ ಮುತ್ತು ಹಾಕಿದ್ದರು, ಉಪ್ಪಿನ ಹರಳೂ ಇರಲಿಲ್ಲ! ನನ್ನ ಕೈಯಿಂದ ಏನನ್ನೂ ತೆಗೆದುಕೊಳ್ಳಲು ಅವನಿಗೆ ಮನಸ್ಸಿಲ್ಲ, ಅಷ್ಟೇ.

ನವೆಂಬರ್ 11, ಮಂಗಳವಾರ

ಎರಡನೆಯ ರುಚಿ ಪರೀಕ್ಷೆ. ಇವತ್ತು ಕಣ್ಣಾರೆ ಕಂಡೆ. ಪ್ರತಿ ಬಟ್ಟಲಿಗೂ ಅಕ್ಷಯ್ ನನಗಿಂತ ಮೊದಲು ಚಮಚ ಹಾಕುತ್ತಾನೆ. ಆಮೇಲೆ ಚಮಚ ಅಂಗಾತ ಇಡುತ್ತಾನೆ, ಇಲ್ಲವೇ ಮಗುಚಿ ಇಡುತ್ತಾನೆ. ಅಂಗಾತ ಇಟ್ಟಾಗ “ಬೆಸ್ಟ್ ಅಲ್ವಾ ಅಣ್ಣ?” ಎನ್ನುತ್ತಾನೆ. ಮಗುಚಿದಾಗ “ಅಣ್ಣನಿಗೆ ಇಷ್ಟ ಆಗ್ಲಿಕ್ಕಿಲ್ಲ” ಎನ್ನುತ್ತಾನೆ. ನನ್ನ ಬಾಯಿಯ ಮಾತನ್ನು ತಾನೇ ಆಡುತ್ತಾನೆ! ನಾನು ಪರೀಕ್ಷೆ ಮಾಡೋಣ ಎಂದು ಅವನು ಹೇಳಿದ್ದಕ್ಕೆಲ್ಲ ಹೂಂ ಹೂಂ ಎಂದೆ. ಮೇಡಂ ಕೊನೆಗೆ “ಸೇಸಪ್ಪ, ಇವತ್ತು ಎಲ್ಲ ಸರಿಯಾಗಿ ಹೇಳಿದೆ” ಎಂದು ಬೆನ್ನು ತಟ್ಟಿದರು.

ಸಿಲ್ವೆಸ್ಟರ್‌ನ ಅಡುಗೆ ಮಾತ್ರ ಇನ್ನೂ ಬಿಸಿನೀರೇ. ಈ ಮನುಷ್ಯನಿಗೆ ಶೆಫ್ ಕೆಲಸ ಕೊಟ್ಟವರು ಯಾರೋ.

ನವೆಂಬರ್ 13, ಗುರುವಾರ

ಇವತ್ತಿನದ್ದನ್ನು ಬರೆಯಲೇಬೇಕು.

ಮೇಜುವಸ್ತ್ರದ ಕೋಣೆಯಲ್ಲಿ ಅಕ್ಷಯ್ ಫೋನಿನಲ್ಲಿ ಮಾತಾಡುತ್ತಿದ್ದ. ನಾನು ಬಾಗಿಲ ಹೊರಗಿದ್ದೆ. “ವಾರಿಜಕ್ಕ” ಎಂದದ್ದು ಕೇಳಿ ನಿಂತೆ. ಕೇಳಿದ್ದನ್ನು ಕೇಳಿದ ಹಾಗೆಯೇ ಬರೆಯುತ್ತೇನೆ: “ಇಲ್ಲ ವಾರಿಜಕ್ಕ, ಅವರಿಗೆ ಈಗ ಗೊತ್ತಾಗುವುದು ಬೇಡ. ಔತಣ ಒಂದು ಮುಗೀಲಿ. ಮತ್ತೆ ನಾನೇ ಕರ್ಕೊಂಡು ಹೋಗ್ತೇನೆ.”

ಎಲ್ಲಿಗೆ ಕರೆದುಕೊಂಡು ಹೋಗುತ್ತಾನೆ? ವಿಮಾನ ನಿಲ್ದಾಣಕ್ಕೆ! ಕೆಲಸ ಹೋಗುವುದು ಖಾತ್ರಿಯಾಗಿದೆ, ಅದು ನನ್ನ ಹೆಂಡತಿಗೂ ಗೊತ್ತಿದೆ, ನನಗೊಬ್ಬನಿಗೆ ಗೊತ್ತಿಲ್ಲ. ಮನೆಗೆ ಬಂದು “ಇವತ್ತು ಯಾರ ಫೋನ್ ಇತ್ತು?” ಎಂದು ಕೇಳಿದೆ. ವಾರಿಜಾ ತರಕಾರಿ ಕೊಚ್ಚುತ್ತಾ ತಲೆ ಎತ್ತದೆ “ಯಾರದ್ದೂ ಇಲ್ಲ” ಎಂದಳು. ಇಪ್ಪತ್ತೆರಡು ವರ್ಷದಲ್ಲಿ ಇವಳು ನನ್ನ ಹತ್ತಿರ ಸುಳ್ಳು ಹೇಳಿದ್ದು ಇದು ಮೊದಲು. ಅಥವಾ ನನಗೆ ಗೊತ್ತಾದದ್ದು ಇದು ಮೊದಲು. ಊಟಕ್ಕೆ ಕೂರಲಿಲ್ಲ. ಹೇಗೂ ಅದರಲ್ಲಿ ಏನೂ ಇರುವುದಿಲ್ಲ.

ನವೆಂಬರ್ 17, ಸೋಮವಾರ

ಪತ್ರ ಕೊಟ್ಟೆ.

ನಾಲ್ಕು ದಿನ ಯೂನಿಫಾರ್ಮಿನ ಕಿಸೆಯಲ್ಲಿ ಇಟ್ಟುಕೊಂಡು ತಿರುಗಿದ್ದೆ. ಇಂಗ್ಲಿಷಿನಲ್ಲಿ ಹತ್ತೇ ಸಾಲು. ಅಕ್ಷಯ್ ರುಚಿ ನೋಡುವ ಮೇಜಿನಲ್ಲಿ ಪ್ರತಿ ಬಟ್ಟಲಿಗೂ ಕೈಯಾಡಿಸುತ್ತಾನೆ, ಇದು ಅತಿಥಿಗಳಿಗೆ ಅಪಾಯ, ಔತಣದ ದಿನ ಅವನನ್ನು ತಿನಿಸಿನ ಹತ್ತಿರ ಬಿಡಬಾರದು. ಕೆಳಗೆ ನನ್ನ ರುಜು. ಹನಾನ್ ಮೇಡಂ ಎರಡು ಸಲ ಓದಿದರು. “ವಲ್ಲಾ, ನಿಜವೇ? ಅಕ್ಷಯ್?” ಎಂದರು. ನಾನು “ಕಣ್ಣಾರೆ ನೋಡಿದ್ದೇನೆ ಮೇಡಂ” ಎಂದೆ. ಸುಳ್ಳೇನಲ್ಲ.

ಸಂಜೆಗೆ ಆದೇಶ ಬಂತು. ಅಕ್ಷಯ್ ಹೊರಬಾಗಿಲಲ್ಲಿ ಅತಿಥಿಗಳ ಕೈಗೆ ಪನ್ನೀರು ಹಾಕುವ ಕೆಲಸಕ್ಕೆ. ಮಾಂಸ ಕೊಯ್ಯುವುದು ಬೇರೊಬ್ಬ. ಉಪ್ಪು ತುಂಬುವುದು, ತರುವುದು, ಇಡುವುದು, ರುಚಿ ನೋಡುವುದು ಎಲ್ಲ ನಾನೊಬ್ಬನೇ.

ಅಕ್ಷಯ್ ಲಾಕರ್ ಹತ್ತಿರ ಬಂದು “ಅಣ್ಣ, ನನ್ನನ್ನು ಯಾಕೆ ಹೊರಗೆ ಹಾಕಿದ್ರು ಗೊತ್ತುಂಟಾ?” ಎಂದ. ಗೊತ್ತಿಲ್ಲ ಎಂದೆ. “ನೀವು ಒಬ್ರೇ ಹೇಗೆ ಮಾಡ್ತೀರಿ?” ಎಂದು ಕೇಳಿ ಅಲ್ಲೇ ನಿಂತ. ಮುಖ ಸಣ್ಣದಾಗಿತ್ತು. ನಾಟಕ! ಆದರೂ ಮನೆಗೆ ಬರುವ ಬಸ್ಸಿನಲ್ಲಿ ಆ ಮುಖವೇ ಕಣ್ಣ ಮುಂದೆ ಬರುತ್ತಿತ್ತು.

ನವೆಂಬರ್ 21, ಶುಕ್ರವಾರ

ನಾಳೆ ಔತಣ. ಹಡಗಿಗೆ ಉಪ್ಪು ನಾನೇ ತುಂಬಿದೆ. ಯಾರನ್ನೂ ಹತ್ತಿರ ಬಿಡಲಿಲ್ಲ. ಸಿಲ್ವೆಸ್ಟರ್ ಸಕ್ಕರೆಯ ಕೋಟೆಗೆ ಕೊನೆಯ ಗೋಪುರ ಅಂಟಿಸುತ್ತಾ, ತಿರುಗಿ ನೋಡದೆ “ಅಲ್ಲೇ ಉಂಟು, ಶೆಲ್ಫಲ್ಲಿ ಬಿಳಿ ಡಬ್ಬ, ತೆಗೋ” ಎಂದ. ಶೆಲ್ಫಿನಲ್ಲಿ ಒಂದೇ ಥರದ ಎರಡು ಬಿಳಿ ಡಬ್ಬ. ಎರಡರಲ್ಲೂ ಸಣ್ಣಗಿನ ಬಿಳಿ ಪುಡಿ. ಒಂದರ ಮೇಲೆ ಮಾರ್ಕರಿನಲ್ಲಿ ‘ಮೀಟ್’ ಎಂದು ಕನ್ನಡ ಅಕ್ಷರದಲ್ಲಿ ಬರೆದಿತ್ತು, ಇನ್ನೊಂದರ ಮೇಲೆ ಏನೂ ಇಲ್ಲ. ಮಾಂಸವನ್ನು ಯಾರೂ ಪುಡಿ ಮಾಡಿ ಡಬ್ಬದಲ್ಲಿ ಇಡುವುದಿಲ್ಲ. ಮೀಠಾ ಎಂದರೆ ಸಿಹಿ, ಪಾಕಿಸ್ತಾನದ ಭಾಯಿಗಳ ಜೊತೆ ದುಡಿದ ನನಗೆ ಅಷ್ಟು ಹಿಂದಿ ಬರುತ್ತದೆ. ಸಿಲ್ವೆಸ್ಟರ್‌ಗೆ ಅದನ್ನು ಸರಿಯಾಗಿ ಬರೆಯಲು ಬಂದಿಲ್ಲ. ಆದ್ದರಿಂದ ಹೆಸರಿಲ್ಲದ ಡಬ್ಬದಿಂದ ತುಂಬಿದೆ. ಬೆರಳ ತುದಿಯಲ್ಲಿ ನಾಲಿಗೆಗೂ ಹಚ್ಚಿ ನೋಡಿದೆ. ಸರಿಯಾಗಿದೆ.

ಹಡಗನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ ಕೀಲಿಯನ್ನು ಕುತ್ತಿಗೆಯ ಸರಕ್ಕೆ ಹಾಕಿಕೊಂಡಿದ್ದೇನೆ. ಇನ್ನು ಯಾರ ಆಟವೂ ನಡೆಯುವುದಿಲ್ಲ.

ನವೆಂಬರ್ 22, ಶನಿವಾರ, ಸಂಜೆ

ಎಲ್ಲಿಂದ ಶುರು ಮಾಡಲಿ? ಆದ ಕ್ರಮದಲ್ಲೇ ಬರೆಯುತ್ತೇನೆ.

ಹಾಲ್ ನೋಡಲು ಎರಡು ಕಣ್ಣು ಸಾಲದು. ಗೋಡೆಗೆಲ್ಲ ಬಣ್ಣದ ಪತಾಕೆ, ಮೇಲೆ ಅಟ್ಟಣಿಗೆಯಲ್ಲಿ ಹಾಡುವವರು, ಎತ್ತರದ ಜಗಲಿಯ ಮೇಲೆ ಎಂಬತ್ತರ ದೊರೆ ಹಾಜಿಯವರ ಮೇಜು. ಮೋನು ಗೆಜ್ಜೆ ಕುಣಿಸುತ್ತಾ ಮಕ್ಕಳನ್ನು ನಗಿಸುತ್ತಿದ್ದ. ಒಂದು ಗಂಟೆಗೆ ಕಹಳೆ ಊದಿದರು. ನಾನು ಕೆಂಪು ನಿಲುವಂಗಿಯಲ್ಲಿ ಹಡಗು ಹಿಡಿದು ನಡೆದೆ. ಇನ್ನೂರು ಜನ ಫೋನ್ ಎತ್ತಿ ಹಿಡಿದಿದ್ದರು. ಹಡಗನ್ನು ಹಾಜಿಯವರ ಮುಂದಿಟ್ಟೆ, ರೊಟ್ಟಿಯ ಚೂರು ಅದ್ದಿ ಬಾಯಿಗೆ ಹಾಕಿಕೊಂಡೆ, ತಲೆಯಾಡಿಸಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಇಪ್ಪತ್ತಾರು ವರ್ಷದಲ್ಲಿ ನನಗೆ ಯಾರೂ ಚಪ್ಪಾಳೆ ತಟ್ಟಿರಲಿಲ್ಲ. ಸುಳ್ಳೇಕೆ ಹೇಳಲಿ, ಕಣ್ಣು ಒದ್ದೆಯಾಯಿತು.

ಕುರಿಮಾಂಸ ಬಂತು. ಹಾಜಿಯವರು ಒಂದು ತುಂಡನ್ನು ಬೆರಳಲ್ಲಿ ಹಿಡಿದು ಹಡಗಿನಲ್ಲಿ ಹೊರಳಿಸಿ ಬಾಯಿಗಿಟ್ಟರು. ಅಗಿಯುವುದನ್ನು ನಿಲ್ಲಿಸಿದರು. ನನ್ನನ್ನು ನೋಡಿದರು. “ಹಿಲು!” ಎಂದರು. ಸಿಹಿ! ಆಮೇಲೆ ಹೊಟ್ಟೆ ಕುಲುಕಿಸಿ ನಕ್ಕರು. ಮೊಮ್ಮಗಳು ನಗಲಿಲ್ಲ. ಬೆರಳು ಅದ್ದಿ ನೆಕ್ಕಿ ನೋಡಿದಳು, ಅವಳ ಮುಖ ಬಿಳಿಚಿತು. ಹಾಜಿಯವರಿಗೆ ಸಕ್ಕರೆ ಕಾಯಿಲೆ. ಹಡಗಿನ ತುಂಬ ಪುಡಿ ಸಕ್ಕರೆ. “ಇದನ್ನು ಯಾರು ಮಾಡಿದ್ದು?” ಎಂದು ಅವಳು ಹನಾನ್ ಮೇಡಂ ಕಡೆ ತಿರುಗಿದಳು.

ನನಗೆ ಮೊದಲು ಬಂದ ಯೋಚನೆಯನ್ನೂ ಬರೆಯಬೇಕು. ಅಕ್ಷಯ್! ಬೀಗ ಒಡೆದಿದ್ದಾನೆ ಎಂದುಕೊಂಡೆ. ಕುತ್ತಿಗೆ ಮುಟ್ಟಿ ನೋಡಿದರೆ ಕೀಲಿ ಅಲ್ಲೇ ಇತ್ತು.

ಔತಣ ಹೇಗೋ ಮುಗಿಯಿತು. ನಾಲ್ಕು ಗಂಟೆಗೆ ಮೇಡಂ ಕೋಣೆಯಲ್ಲಿ ನಾವೆಲ್ಲ ನಿಂತೆವು. ಮೇಜಿನ ಮೇಲೆ ನನ್ನ ಪತ್ರ. ಮೇಡಂ ಅದನ್ನು ಎತ್ತಿ ಅಕ್ಷಯ್‌ಗೆ ತೋರಿಸಿ “ಐದು ದಿನ ಮೊದಲೇ ಎಚ್ಚರಿಸಿದ್ದಾರೆ. ಹೊರಗೆ ಹಾಕಿದ ಸಿಟ್ಟಿಗೆ ಉಪ್ಪು ಬದಲಾಯಿಸಿದ್ದೀಯ. ನಾನು ನಿನ್ನನ್ನು ಅಂದೇ ಮನೆಗೆ ಕಳಿಸಬೇಕಿತ್ತು. ನಾಳೆ ಹತ್ತು ಗಂಟೆಗೆ ಆಫೀಸಿಗೆ ಬಾ. ಖಲಾಸ್” ಎಂದರು. ಅಕ್ಷಯ್ ಪತ್ರ ಓದಿದ. ಕೆಳಗಿನ ರುಜುವನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದ. ನನ್ನ ಕಡೆ ಬೆರಳು ತೋರಿಸಿ ‘ಉಪ್ಪು ತುಂಬಿದ್ದು ಇವರು’ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ.

ಸಿಲ್ವೆಸ್ಟರ್ ನನ್ನ ತೋಳು ಹಿಡಿದು ಸಿಹಿತಿಂಡಿಯ ಕೋಣೆಗೆ ಎಳೆದುಕೊಂಡು ಹೋದ. “ಯಾವ ಡಬ್ಬದಿಂದ ತುಂಬಿಸಿದ್ದು? ತೋರ್ಸು.” ತೋರಿಸಿದೆ. ಅವನು ಹಣೆ ಬಡಿದುಕೊಂಡ. “ಮೀಟ್ ಅಂತ ಬರ್ದದ್ದು ಕಾಣ್ಲಿಲ್ವಾ? ಮೀಟ್ ಅಂದ್ರೆ ಉಪ್ಪು ಮಾರಾಯ! ನಮ್ಮ ಕೊಂಕಣಿಯಲ್ಲಿ ಉಪ್ಪು!”

“ನಾನು ಮೀಠಾ ಅಂದುಕೊಂಡೆ.”

“ಆಯ್ತು, ಅಂದ್ಕೊಂಡೆ. ಬಾಯಿಗೆ ಹಾಕಿ ನೋಡ್ಲಿಲ್ವಾ?”

“ನೋಡಿದೆ.”

ಸಿಲ್ವೆಸ್ಟರ್ ಎರಡು ಚಮಚದಲ್ಲಿ ಎರಡು ಡಬ್ಬದ ಪುಡಿ ತೆಗೆದು, ಬೆನ್ನ ಹಿಂದೆ ಅದಲುಬದಲು ಮಾಡಿ ನನ್ನ ಮುಂದೆ ಹಿಡಿದ. “ಉಪ್ಪು ಯಾವುದು, ಹೇಳು.” ಒಂದನ್ನು ಬಾಯಿಗೆ ಹಾಕಿಕೊಂಡೆ. ಇನ್ನೊಂದನ್ನೂ ಹಾಕಿಕೊಂಡೆ. ಎರಡೂ ಮರಳು. ಮತ್ತೆ ಹಾಕಿಕೊಂಡೆ. ಅರಶಿನ ಎಲೆ, ಕೋಳಿ ಸಾರು, ಸೀದ ಹಾಲು, ಸಿಲ್ವೆಸ್ಟರ್‌ನ ಬಿಸಿನೀರು, ಎಲ್ಲ ಒಟ್ಟಿಗೆ ನೆನಪಾದವು. ಸ್ಟೂಲಿನ ಮೇಲೆ ಕೂತುಬಿಟ್ಟೆ.

“ಅಕ್ಷಯ್‌ಗೆ ಮೊದಲ ದಿವಸವೇ ಗೊತ್ತಾಯ್ತು” ಎಂದ ಸಿಲ್ವೆಸ್ಟರ್. “‘ಶೆಫ್, ಯಾರಿಗೂ ಹೇಳ್ಬೇಡಿ, ಟೇಸ್ಟರ್ ಕೆಲಸ ಹೋದ್ರೆ ಅಣ್ಣನ ಇಕಾಮಾ ಹೋಗ್ತದೆ, ಹುಡುಗಿಯ ಪರೀಕ್ಷೆ ಉಂಟು’ ಅಂತ ನನ್ನ ಕೈ ಹಿಡ್ಕೊಂಡ. ಚಮಚ ಮಗುಚಿ ಇಡ್ತಿದ್ದದ್ದು ನೀನು ನೋಡಿ ಹಾಗೆಯೇ ಹೇಳ್ಲಿಕ್ಕೆ.” ಡಬ್ಬಗಳ ಮುಚ್ಚಳ ಹಾಕುತ್ತಾ “ಡಬ್ಬದ ವಿಷಯ ನಾನು ಬಾಯಿ ಬಿಡುದಿಲ್ಲ. ನೀನು ಎಂತ ಮಾಡ್ತೀಯಾ ಅದು ನಿನಗೆ ಬಿಟ್ಟದ್ದು” ಎಂದ.

ಮನೆಗೆ ಬಂದೆ. ವಾರಿಜಾಳಿಗೆ ಎಲ್ಲ ಹೇಳಿದೆ. ಪತ್ರದ ವಿಷಯ ಹೇಳುವಾಗ ಅವಳ ಮುಖ ನೋಡಲು ಆಗಲಿಲ್ಲ. ಅವಳು ಅತ್ತಳು. “ಒಂದು ತಿಂಗಳಾಯ್ತು, ಗಂಜಿಗೆ ಮುಷ್ಟಿ ಉಪ್ಪು ಹಾಕಿ ಉಣ್ತೀರಿ. ಹೇಳಿದ್ರೆ ನನ್ನ ಮೇಲೆಯೇ ಹಾರ್ತೀರಿ. ಹವಲ್ಲಿಯ ಡಾಕ್ಟರ ಹತ್ರ ಮೂವತ್ತಕ್ಕೆ ಹೆಸರು ಕೊಟ್ಟು ಇಟ್ಟದ್ದು ಆ ಹುಡುಗ. ತಾನೇ ಕರ್ಕೊಂಡು ಹೋಗ್ತೇನೆ ಅಂದ.”

ವಿಮಾನ ನಿಲ್ದಾಣವಲ್ಲ, ಹವಲ್ಲಿ.

ನಾನು ಬಾಯಿ ಮುಚ್ಚಿಕೊಂಡಿದ್ದರೆ ನನ್ನ ಕೆಲಸ ಉಳಿಯುತ್ತದೆ. ನವ್ಯ ಒಳಗೆ ಕೋಣೆಯಲ್ಲಿ ಕೆಮಿಸ್ಟ್ರಿ ಓದುತ್ತಿದ್ದಾಳೆ. ಅವಳ ಗೊಣಗು ಇಲ್ಲಿಗೆ ಕೇಳುತ್ತದೆ.

ನವೆಂಬರ್ 23, ಭಾನುವಾರ

ಒಂಬತ್ತೂವರೆಗೆ ಮೇಡಂ ಕೋಣೆಗೆ ಹೋದೆ. ಎರಡು ಡಬ್ಬವನ್ನೂ ತೆಗೆದುಕೊಂಡು ಹೋಗಿದ್ದೆ. ಎಲ್ಲ ಹೇಳಿದೆ.

ಮೇಡಂ ಎರಡೂ ಡಬ್ಬ ತೆರೆದು ನೋಡಿದರು. “ಸೇಸಪ್ಪ, ರುಚಿ ಗೊತ್ತಾಗದವನನ್ನು ನಾನು ಕ್ಯಾಪ್ಟನ್ ಆಗಿ ಇಟ್ಟುಕೊಳ್ಳುವುದು ಹೇಗೆ?” ಎಂದರು. ಆಗುವುದಿಲ್ಲ ಎಂದು ನಾನೇ ಹೇಳಿದೆ. ಅಕ್ಷಯ್ ಉಳಿದ. ನನಗೆ ಮಾರ್ಚ್ ಕೊನೆಯವರೆಗೆ ಮೇಜುವಸ್ತ್ರದ ಕೋಣೆಯಲ್ಲಿ ಕೆಲಸ, ಅಲ್ಲಿಯತನಕ ಇಕಾಮಾ ಮುಂದುವರಿಸಿ ಕೊಡುತ್ತಾರೆ. ಮಗಳ ಪರೀಕ್ಷೆಗೋಸ್ಕರ ಅಷ್ಟು ಮಾಡುತ್ತೇನೆ ಎಂದರು. ಆಮೇಲೆ ಊರು.

ಪತ್ರವನ್ನು ವಾಪಸ್ ಕೇಳಿದೆ. ಕೊಟ್ಟರು. ಹೊರಗೆ ಕುರ್ಚಿಯಲ್ಲಿ ಅಕ್ಷಯ್ ಕೂತಿದ್ದ. ಅವನ ಎದುರೇ ಹರಿದೆ. “ಶುಕ್ರವಾರ ಊಟಕ್ಕೆ ಬಾ” ಎಂದೆ. ಅವನು “ನೋಡುವ” ಎಂದ.

ನವೆಂಬರ್ 28, ಶುಕ್ರವಾರ

ಒಂದು ಗಂಟೆಯಾದರೂ ಬರಲಿಲ್ಲ. ನಾನು ನಾಲ್ಕು ಸಲ ಬಾಲ್ಕನಿಗೆ ಹೋಗಿ ಬಂದೆ. ಬರುವುದಿಲ್ಲ, ಯಾಕೆ ಬರುತ್ತಾನೆ, ನಾನಾದರೂ ಬರುತ್ತಿರಲಿಲ್ಲ ಎಂದು ವಾರಿಜಾಳಿಗೆ ಹೇಳಿದೆ. ಒಂದೂಕಾಲಿಗೆ ಬೆಲ್ ಆಯಿತು. ಬಾಗಿಲಲ್ಲಿ ಅಕ್ಷಯ್, ಕೈಯಲ್ಲಿ ಬಾಳೆಹಣ್ಣಿನ ಚೀಲ. “ಬಸ್ ಸಿಗ್ಲಿಲ್ಲ ಅಣ್ಣ” ಎಂದ.

ನಾಲ್ವರೂ ಊಟಕ್ಕೆ ಕೂತೆವು. ನವ್ಯ “ಸೋ, ಹೂ ಈಸ್ ಅಬವ್ ದ ಸಾಲ್ಟ್?” ಎಂದು ಉಪ್ಪಿನ ಕರಡಿಗೆಯನ್ನು ಸರಿಯಾಗಿ ಮೇಜಿನ ನಡುವೆ ಇಟ್ಟಳು. ಯಾರೂ ನಗಲಿಲ್ಲ. ಆಮೇಲೆ ಅಕ್ಷಯ್ ಸ್ವಲ್ಪ ನಕ್ಕ, ವಾರಿಜಾ ಜೋರಾಗಿ ನಕ್ಕಳು.

ಐದು ದಿನದಿಂದ ಅಭ್ಯಾಸ ಮಾಡಿದ್ದರೂ ನನಗೆ ‘ಕ್ಷಮಿಸು’ ಎನ್ನಲು ಬಾಯಿ ಬರಲಿಲ್ಲ. ಕರಡಿಗೆಯಿಂದ ಒಂದು ಚಿಟಿಕೆ ಉಪ್ಪು ತೆಗೆದು ಅವನ ಕಡೆ ಚಾಚಿದೆ. ಮೇಜಿನ ಮೇಲೆ ಇಡಲಿಲ್ಲ. ಕೈ ಹಾಗೆಯೇ ಹಿಡಿದಿದ್ದೆ.

ವಾರಿಜಾ “ಅಯ್ಯೋ, ಎಂತ ಮಾಡ್ತೀರಿ ಮಾರ್ರೆ, ಕೈಯಿಂದ ಕೈಗೆ ಕೊಡ್ಬಾರ್ದು, ಜಗಳ ಆಗ್ತದೆ!” ಎಂದಳು.

ಅಕ್ಷಯ್ ನನ್ನ ಕೈ ನೋಡಿದ, ನನ್ನನ್ನು ನೋಡಿದ. “ಆಗುವ ಜಗಳ ಆಗಿ ಮುಗ್ದಿದೆ ವಾರಿಜಕ್ಕ” ಎಂದ. ಅಂಗೈ ಒಡ್ಡಿದ. ಉಪ್ಪನ್ನು ಅವನ ಕೈಗೆ ಹಾಕಿದೆ. ಅವನು ಅದನ್ನು ಸಾರಿಗೆ ಬೆರೆಸಿ, ಕಲಸಿ, ಒಂದು ತುತ್ತು ಉಂಡ.

ಕೇಳಿದೆ: “ಹೇಗೆ ಉಂಟು?”

ನಾಡಿದ್ದು ಹವಲ್ಲಿಗೆ ಹೋಗಬೇಕು. ರುಚಿ ವಾಪಸ್ ಬಂದರೂ ಬರಬಹುದು, ಬರದೆಯೂ ಇರಬಹುದು. ಇವತ್ತಿನದ್ದು ಬರೆದಿಟ್ಟು ಮುಗಿಸುತ್ತೇನೆ. ವಾರಿಜಾ ಮಾಡಿದ ಕೋಳಿ ಸಾರಿಗೆ ಉಪ್ಪು, ಹುಳಿ, ಖಾರ ಎಲ್ಲ ಸರಿಯಾಗಿತ್ತಂತೆ.